‘ಪ್ರೊವಿಷನಲ್’ ಎಂದಿದ್ದರೆ ಏನು ಮಾಡಬೇಕು?

ಸೀಟಿಗೋ ನೌಕರಿಗೋ ಕಾದಿರುವ ಮಕ್ಕಳೇ, ಪಟ್ಟಿಯಲ್ಲಿ ಹೆಸರು ಹುಡುಕುವ ಮೊದಲು ಅದರ ತಲೆಬರಹ ಓದಿ. ಅಲ್ಲಿ ‘ಪ್ರೊವಿಷನಲ್’ ಎಂದಿದ್ದರೆ, ಸದ್ಯಕ್ಕೆ ಹೀಗಿದೆ, ಇನ್ನೂ ಅಂತಿಮವಾಗಿಲ್ಲ ಎಂದರ್ಥ. ಕನ್ನಡ ಪ್ರಕಟಣೆಗಳಲ್ಲಿ ಇದನ್ನೇ ‘ತಾತ್ಕಾಲಿಕ’ ಎನ್ನುತ್ತಾರೆ. ‘ಟೆಂಪರರಿ’ಗೂ ಅದೇ ಪದ ಬಳಸುವುದರಿಂದ ಗೊಂದಲವಾಗುತ್ತದೆ. ಟೆಂಪರರಿ ಕೆಲಸ ಅವಧಿ ತೀರಿದರೆ ಮುಗಿಯಿತು. ಪ್ರೊವಿಷನಲ್ ಆಯ್ಕೆ ಹಾಗಲ್ಲ. ಪರಿಶೀಲನೆಯ ನಂತರ ಅದು ಖಾಯಂ ಆಗಬಹುದು, ಬದಲಾಗಲೂಬಹುದು.

ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಡಿಸಿ ಆಕ್ಷೇಪಣೆ ಕರೆಯುತ್ತದೆ. ಅವನ್ನು ಪರಿಶೀಲಿಸಿದ ಮೇಲೆಯೇ ಅಂತಿಮ ಪಟ್ಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯ ಕೀ ಉತ್ತರಗಳಿಗೂ ಇದೇ ಕ್ರಮ. ಉತ್ತರ ತಪ್ಪೆನಿಸಿದರೆ ಪ್ರಶ್ನೆಯ ಸಂಖ್ಯೆ ಮತ್ತು ಪಠ್ಯಪುಸ್ತಕದ ಆಧಾರದೊಂದಿಗೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ಗಡುವು ದಾಟಿದ ಮೇಲೆ ಎಷ್ಟು ಪರಿತಪಿಸಿದರೂ ಫಲವಿಲ್ಲ.

ಪದವಿಯ ‘ಪ್ರೊವಿಷನಲ್ ಸರ್ಟಿಫಿಕೇಟ್’ ಕಂಡು ಮಾತ್ರ ಗಾಬರಿಯಾಗಬೇಡಿ. ನೀವು ಪಾಸಾಗಿರುವುದು ಖಚಿತ. ಘಟಿಕೋತ್ಸವದ ಪದವಿ ಪತ್ರ ಕೈಸೇರುವವರೆಗೆ ವಿಶ್ವವಿದ್ಯಾಲಯ ಕೊಡುವ ದಾಖಲೆ ಅದು. ಉನ್ನತ ವ್ಯಾಸಂಗಕ್ಕೆ, ಉದ್ಯೋಗದ ಅರ್ಜಿಗೆ ಸಾಮಾನ್ಯವಾಗಿ ಅದನ್ನು ಒಪ್ಪುತ್ತಾರೆ. ಹಾಗೆಂದು ಮೂಲ ಪದವಿ ಪತ್ರ ಪಡೆಯುವುದನ್ನು ಮರೆಯಬೇಡಿ.

ತಾತ್ಕಾಲಿಕ ಪಟ್ಟಿಯಲ್ಲಿ ಹೆಸರು ಬಂತೆಂದು ಕೈಯಲ್ಲಿರುವ ಕೆಲಸ ಬಿಡಬೇಡಿ. ಬರಲಿಲ್ಲವೆಂದು ಕೈಚೆಲ್ಲಿ ಕೂರಲೂ ಬೇಡಿ. ದಾಖಲೆಗಳನ್ನು ಸಿದ್ಧವಾಗಿಟ್ಟುಕೊಂಡು ಅಂತಿಮ ಪಟ್ಟಿಗೆ ಕಾಯಿರಿ.