ಮಿದುಳು ಜ್ವರ: ಇಲಿಮರಿಗಳಿಂದ ತಿಳಿದ ಪಾಠ

"ನಮ್ಮ ಮೊಹಲ್ಲಾದಲ್ಲಿ ಯಾರೂ ಹಂದಿ ಸಾಕುವುದಿಲ್ಲ. ಮತ್ತೆ ನಮ್ಮ ಮಕ್ಕಳಿಗೆ ಮಿದುಳು ಜ್ವರ ಹೇಗೆ ಬಂದೀತು?" ಎಂದು ಕೆಲವರು ಲಸಿಕೆಯನ್ನು ಮುಂದೂಡುತ್ತಾರೆ. ಇದು ಅಪಾಯಕಾರಿ ತಪ್ಪು.

ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಈ ಕಾಯಿಲೆಯ ವೈರಸ್ ಹಂದಿಗಳಲ್ಲಷ್ಟೇ ಅಲ್ಲ, ಬೆಳ್ಳಕ್ಕಿಯಂತಹ ನೀರುಹಕ್ಕಿಗಳಲ್ಲೂ ಬೆಳೆಯುತ್ತದೆ. ಅವುಗಳ ರಕ್ತ ಹೀರಿದ ಕ್ಯೂಲೆಕ್ಸ್ ಸೊಳ್ಳೆ ಅದನ್ನು ನಮಗೆ ತಲುಪಿಸುತ್ತದೆ. ಈ ಸೊಳ್ಳೆ ಹುಟ್ಟುವುದು ಭತ್ತದ ಗದ್ದೆ, ಕೆರೆಯಂಚು ಮತ್ತು ನಿಂತ ನೀರಿನಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಕೆರೆಗಳ ಸೀಮೆ. 1970ರ ದಶಕದ ಕೊನೆಯಲ್ಲೇ ಕೋಲಾರ ಜಿಲ್ಲೆ ಈ ಜ್ವರದ ಹಾವಳಿ ಕಂಡಿದೆ.

ವೈರಸ್ ನರಮಂಡಲವನ್ನು ಹೇಗೆ ಕೆಡಿಸುತ್ತದೆ? ಪ್ರಯೋಗಾಲಯದ ಇಲಿಗಳಿಂದ ಇದು ಬಹುಮಟ್ಟಿಗೆ ತಿಳಿದಿದೆ. ಹುಟ್ಟಿ ಒಂದೆರಡು ದಿನವಾದ ಮರಿಯ ಮಿದುಳಿಗೆ ವೈರಸ್ ಸೇರಿಸಿದರೆ ಕೆಲವೇ ದಿನಗಳಲ್ಲಿ ಅದು ಹಾಲು ಬಿಡುತ್ತದೆ, ನಡುಗುತ್ತದೆ, ಕಾಲು ಸ್ವಾಧೀನ ತಪ್ಪಿ ಸಾಯುತ್ತದೆ. ಬಲಿತ ಇಲಿ ಅಷ್ಟು ಸುಲಭವಾಗಿ ಬಲಿಯಾಗುವುದಿಲ್ಲ. ವೈರಸ್ ನರಕೋಶಗಳೊಳಗೆ ಹೆಚ್ಚಿ ಅವನ್ನು ಕೊಲ್ಲುತ್ತದೆ. ಅದರ ವಿರುದ್ಧ ದೇಹ ಹೂಡುವ ಹೋರಾಟದ ಉರಿಯೂತವೂ ಮಿದುಳಿಗೆ ಪೆಟ್ಟು ಕೊಡುತ್ತದೆ. ಮನುಷ್ಯರಲ್ಲೂ ಹೆಚ್ಚು ತೊಂದರೆಗೊಳಗಾಗುವವರು ಮಕ್ಕಳೇ.

ಸೋಂಕು ತಗಲಿದ ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ಮಿದುಳಿಗೆ ಏರಿದರೆ 100ರಲ್ಲಿ 30 ಮಂದಿಯವರೆಗೆ ಸಾಯಬಹುದು. ಬದುಕಿದವರಲ್ಲೂ ಅನೇಕರಿಗೆ ಫಿಟ್ಸ್, ಅಂಗವೈಕಲ್ಯ, ಬುದ್ಧಿಮಾಂದ್ಯ ಉಳಿಯುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಇರುವುದು ಲಸಿಕೆ. ಹಿಂದೆ ಅದನ್ನು ಇಲಿಯ ಮಿದುಳಿನಿಂದ ತಯಾರಿಸುತ್ತಿದ್ದರು; ಈಗ ಪ್ರಯೋಗಾಲಯದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. 2013ರಲ್ಲಿ ಬಂದ ಜೆನ್‌ವ್ಯಾಕ್ ಲಸಿಕೆಗೆ ಮೂಲವಾದದ್ದು ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ಸೇ.

ನೀವು ಮಾಡಬೇಕಾದದ್ದು:

* ಮಗುವಿಗೆ 9 ತಿಂಗಳು ತುಂಬಿದಾಗ ಮೊದಲ ಡೋಸ್, 16ರಿಂದ 24 ತಿಂಗಳೊಳಗೆ ಎರಡನೆಯದು ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ತಾಯಿ ಕಾರ್ಡ್ ಇಂದೇ ತೆಗೆದು ನೋಡಿ.
* ಮಗ್ರಿಬ್‌ಗೆ ಮೊದಲೇ ಕಿಟಕಿ ಮುಚ್ಚಿ. ಮಕ್ಕಳಿಗೆ ತುಂಬುತೋಳಿನ ಬಟ್ಟೆ ತೊಡಿಸಿ, ಸೊಳ್ಳೆಪರದೆಯೊಳಗೆ ಮಲಗಿಸಿ.
* ಜೋರು ಜ್ವರದೊಂದಿಗೆ ವಾಂತಿ, ಕತ್ತು ಬಿಗಿತ, ಮಂಪರು, ಫಿಟ್ಸ್ ಕಂಡರೆ ದೃಷ್ಟಿಯೆಂದು ತಾಯಿತ ಕಟ್ಟಿಸುತ್ತ ಕೂರಬೇಡಿ. ದುಆ ಮಾಡುತ್ತಲೇ ಆಸ್ಪತ್ರೆಗೆ ಓಡಿ.
* ಫಿಟ್ಸ್ ಬಂದಾಗ ಮಗುವನ್ನು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ.

ಸೊಳ್ಳೆ ಮೊಹಲ್ಲಾ ನೋಡಿ ಕಚ್ಚುವುದಿಲ್ಲ. ಮಗುವಿನ ಮಿದುಳು ಒಮ್ಮೆ ಹಾಳಾದರೆ ಮೊದಲಿನಂತಾಗುವುದು ಕಷ್ಟ.