ರಸ್ತೆಬದಿಯ ಹೋರ್ಡಿಂಗ್: ಬಡಾವಣೆಯ ಮಾತು ನಡೆಯುವುದು ಹೇಗೆ?

ರಸ್ತೆಬದಿಯ ಹೋರ್ಡಿಂಗ್‌ನಲ್ಲಿ ನೆಲ ಒಬ್ಬರದು, ಅನುಮತಿ ಇನ್ನೊಬ್ಬರದು, ಬಾಡಿಗೆ ಮತ್ತೊಬ್ಬರ ಪಾಲು. ಅದರಡಿಯಲ್ಲೇ ದಿನವೂ ಓಡಾಡುವ ನಿವಾಸಿಗಳು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕರ್ನಾಟಕದಲ್ಲಿ ಹೋರ್ಡಿಂಗ್ ಬೇಡವೆಂದು ತಾನೇ ಆದೇಶಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ. ಆದರೆ ಅನುಮತಿಯನ್ನು ಪ್ರಶ್ನಿಸುವ, ನಿಯಮ ರೂಪುಗೊಳ್ಳುವಾಗಲೇ ಮಾತು ಸೇರಿಸುವ ದಾರಿಗಳಿವೆ. ಅವುಗಳ ಕ್ರಮ ಹೀಗಿದೆ.

1. ನೆಲ ಯಾರದೆಂದು ಪತ್ತೆ ಮಾಡುವುದು

ದೂರು ಯಾರಿಗೆ ಸಲ್ಲಬೇಕೆಂಬುದು ಇದರಿಂದ ನಿರ್ಧಾರವಾಗುತ್ತದೆ. ನಗರದ ಬೀದಿ ಸ್ಥಳೀಯ ಸಂಸ್ಥೆಗೆ ಸೇರಿದರೆ, ರಾಷ್ಟ್ರೀಯ ಹೆದ್ದಾರಿಗೆ ಬೇರೆ ಪ್ರಾಧಿಕಾರವಿದೆ. ರೈಲ್ವೆ ಜಮೀನಿನ ಕಥೆಯೇ ಬೇರೆ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿದ್ದು 17 ಜನರನ್ನು ಬಲಿ ಪಡೆದ ಹೋರ್ಡಿಂಗ್ ನಿಂತಿದ್ದು ರೈಲ್ವೆ ಪೊಲೀಸರ ವಶದಲ್ಲಿದ್ದ ಜಾಗದಲ್ಲಿ. ಪಾಲಿಕೆಯ ಮಿತಿ 40 ಅಡಿ ಉದ್ದ, 40 ಅಡಿ ಅಗಲ. ಅದು 120 ಅಡಿಯದಾಗಿತ್ತು. ಪಾಲಿಕೆಯ ಅನುಮತಿಯೂ ಇರಲಿಲ್ಲ.

ಖಾಸಗಿ ಕಟ್ಟಡದ ಮೇಲಿನ ಫಲಕಕ್ಕೂ ವಿನಾಯಿತಿಯಿಲ್ಲ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ 135ನೇ ಕಲಂ ಪ್ರಕಾರ ಜಾಹೀರಾತಿಗೆ ಆಯುಕ್ತರ ಲಿಖಿತ ಅನುಮತಿ ಬೇಕು.

2. ಫಲಕಗಳ ಪಟ್ಟಿ ಮಾಡುವುದು

ಒಂದೆರಡು ಭಾನುವಾರ ಬೀದಿ ಬೀದಿ ಸುತ್ತಿದರೆ ವಾರ್ಡಿನ ಪಟ್ಟಿ ಸಿದ್ಧವಾಗುತ್ತದೆ. ಪ್ರತಿ ಫಲಕದ ಜಾಗ, ಅಂದಾಜು ಅಳತೆ, ಏಜೆನ್ಸಿಯ ಹೆಸರು, ಪರವಾನಗಿ ಸಂಖ್ಯೆ, ದಿನಾಂಕವಿರುವ ಫೋಟೊ ಅದರಲ್ಲಿರಬೇಕು. ಕಂಬ ಫುಟ್‌ಪಾತ್ ಮೇಲಿದೆಯೇ, ಸಿಗ್ನಲ್ ಮರೆಯಾಗಿದೆಯೇ, ಮರದ ಕೊಂಬೆ ಕಡಿಯಲಾಗಿದೆಯೇ ಎಂಬುದನ್ನೂ ಗುರುತಿಸಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಜಂಕ್ಷನ್‌ನಿಂದ 100 ಮೀಟರ್ ಒಳಗೆ ಜಾಹೀರಾತು ಸಲ್ಲದು. ನಗರಗಳಲ್ಲಿ ಇದನ್ನು 50 ಮೀಟರ್‌ಗೆ ಇಳಿಸಬಹುದು. ಬಟ್ಟೆಯೋ ಪ್ಲಾಸ್ಟಿಕ್ಕೋ ಎಂಬುದೂ ಮುಖ್ಯ: ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನು 2016ರ ಮಾರ್ಚ್‌ನಲ್ಲೇ ನಿಷೇಧಿಸಲಾಗಿದೆ.

3. ಮಾಹಿತಿ ಹಕ್ಕಿನಡಿ ದಾಖಲೆ ಪಡೆಯುವುದು

ಅರ್ಜಿ ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ‘ಎಲ್ಲ ವಿವರ ಕೊಡಿ’ ಎನ್ನುವ ಬದಲು, ಗೊತ್ತುಪಡಿಸಿದ ಫಲಕಗಳ ಅನುಮತಿ ಪತ್ರ, ಅದರ ಅವಧಿ, ಕಟ್ಟಿದ ಶುಲ್ಕ ಮತ್ತು ಕಂಬದ ಸದೃಢತೆಯ ಪ್ರಮಾಣಪತ್ರದ ಪ್ರತಿ ಕೇಳುವುದು ಜಾಣತನ. ಉತ್ತರ ಬಾರದಿದ್ದರೆ ಅಥವಾ ಅರೆಬರೆಯಾಗಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

4. ಲಿಖಿತ ದೂರು

ಪಟ್ಟಿ ಮತ್ತು ದಾಖಲೆಗಳನ್ನು ಹೋಲಿಸಿದಾಗ ಅನುಮತಿಯಿಲ್ಲದ, ಅವಧಿ ಮುಗಿದ, ಅಳತೆ ಮೀರಿದ ಫಲಕಗಳು ಬೇರೆಯಾಗುತ್ತವೆ. ಒಂದೊಂದಕ್ಕೂ ಪ್ರತ್ಯೇಕ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಸಾರ್ವಜನಿಕ ನೋಟಕ್ಕೆ ಬೀಳುವ ಜಾಗವನ್ನು ಅನುಮತಿಯಿಲ್ಲದೆ ಅಂದಗೆಡಿಸಿದರೆ 1981ರ ತೆರೆದ ಸ್ಥಳಗಳ ವಿರೂಪಣೆ ತಡೆ ಕಾಯ್ದೆಯಡಿ 6 ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಫ್ಲೆಕ್ಸ್ ಅನ್ನು ಸ್ವತಃ ಹರಿದರೆ ದೂರುದಾರರೇ ಆರೋಪಿಗಳಾದಾರು. ತೆರವಿನ ಕೆಲಸ ಅಧಿಕಾರಿಗಳಿಗೇ ಇರಲಿ.

5. ಸಭೆಯಲ್ಲಿ ನಿರ್ಣಯ

ದೂರಿಗೆ ಒಂದು ಫಲಕ ಇಳಿದೀತು. ನಾಳೆ ಅಲ್ಲೇ ಇನ್ನೊಂದು ಏಳುವುದನ್ನು ದೂರು ತಡೆಯದು. ಅದಕ್ಕೆ ಸಭೆಯ ನಡಾವಳಿ ಬೇಕು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಹಳ್ಳಿಗಳಲ್ಲಿ ವಾರ್ಡ್ ಸಭೆ, ಗ್ರಾಮಸಭೆಗಳಿವೆ. ಶಾಲೆ, ಕೆರೆ, ಆಸ್ಪತ್ರೆ, ಜಂಕ್ಷನ್‌ಗಳ ಹೆಸರು ಹಿಡಿದು ‘ಇಲ್ಲಿ ಜಾಹೀರಾತು ಬೇಡ’ ಎಂಬ ನಿರ್ಣಯ ಬರೆಸಿ, ನಡಾವಳಿಯ ಪ್ರತಿಯನ್ನು ಆಯುಕ್ತರಿಗೋ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೋ ತಲುಪಿಸಬೇಕು.

6. ಕರಡು ಹಂತದಲ್ಲೇ ಆಕ್ಷೇಪಣೆ

ಹೆಚ್ಚು ಫಲ ಕೊಡುವ, ಆದರೆ ಜನರ ಗಮನಕ್ಕೆ ಬಾರದ ಹಂತವಿದು. ಜಾಹೀರಾತು ನಿಯಮಗಳ ಕರಡು ಹೊರಬಿದ್ದಾಗ ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳನ್ನು ಕರೆಯಲಾಗುತ್ತದೆ. 2018ರಲ್ಲಿ ಹೋರ್ಡಿಂಗ್ ನಿಷೇಧಿಸಿದ್ದ ಬೆಂಗಳೂರಿನಲ್ಲಿ ಜಾಹೀರಾತಿಗೆ ಮತ್ತೆ ಅವಕಾಶ ನೀಡುವ ಕರಡು ಬಂದದ್ದು 2024ರಲ್ಲಿ. ಇಂಥ ವೇಳೆ ‘ವಿರೋಧವಿದೆ’ ಎಂದಷ್ಟೇ ಬರೆದರೆ ಸಾಲದು. ಯಾವ ನಿಯಮ ಬದಲಾಗಬೇಕು, ಬದಲಿಗೆ ಯಾವ ವಾಕ್ಯ ಬರಬೇಕು ಎಂದು ಬರೆದುಕೊಡಬೇಕು. ಅನುಮತಿಗೆ ಮೊದಲು ವಾರ್ಡ್ ಸಮಿತಿಯ ಅಭಿಪ್ರಾಯ ಪಡೆಯಬೇಕೆಂಬ ಷರತ್ತನ್ನು ಕೇಳಲು ಇದೇ ಸಮಯ.

7. ಕೊನೆಯ ದಾರಿ ನ್ಯಾಯಾಲಯ

ಬೆಂಗಳೂರಿನ ನಿಷೇಧದ ಹಿಂದೆ ಇದ್ದದ್ದು ಸಾರ್ವಜನಿಕ ಹಿತಾಸಕ್ತಿ ಅರ್ಜಿ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆಯೇ ಅಕ್ರಮ ಫ್ಲೆಕ್ಸ್‌ಗಳು ಇಳಿದವು. ಹಿಂದಿನ ಹಂತಗಳ ದೂರು, ಸ್ವೀಕೃತಿ, ನಡಾವಳಿಗಳೇ ಇಂಥ ಅರ್ಜಿಯ ಆಧಾರ.

ತೆರವಿನ ಆದೇಶ ಜಾರಿಯಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಫ್ಲೆಕ್ಸ್ ಬಿಚ್ಚಿ ಕಬ್ಬಿಣದ ಚೌಕಟ್ಟನ್ನು ಹಾಗೇ ಬಿಟ್ಟಿದ್ದರೆ, ಅದನ್ನೂ ಬುಡದಿಂದ ಕೀಳಿಸಬೇಕು. ಖಾಲಿ ಚೌಕಟ್ಟು ಮುಂದಿನ ಜಾಹೀರಾತಿಗಾಗಿ ಕಾಯುತ್ತಿರುತ್ತದೆ.