ಮರೆತ ವೈದ್ಯೆಯರ ಕಥೆಯನ್ನು ಬರೆಯುವ ಬಗೆ

ಐತಿಹಾಸಿಕ ಕಾದಂಬರಿ ಎಂದೊಡನೆ ಕೋಟೆ, ಕುದುರೆ, ಕತ್ತಿಗಳು ನಮ್ಮ ಕಣ್ಣೆದುರು ನಿಲ್ಲುತ್ತವೆ. ಗಳಗನಾಥರ ಕಾಲದಿಂದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದವರೆಗೆ ಕನ್ನಡದಲ್ಲಿ ಈ ಪ್ರಕಾರವು ಬಹುಮಟ್ಟಿಗೆ ಅರಸುಮನೆತನಗಳ ಸುತ್ತಲೇ ಬೆಳೆದು ಬಂದಿದೆ. ಆದರೆ ಮುಂಬಯಿಯಲ್ಲಿ ಓದುವ ಕನ್ನಡ ವಿದ್ಯಾರ್ಥಿಯು ಕಥಾವಸ್ತುವನ್ನು ಅರಸಿ ಹಂಪೆಗೋ ಚಿತ್ರದುರ್ಗಕ್ಕೋ ಹೋಗಬೇಕಾಗಿಲ್ಲ. ನಮ್ಮ ಹಿರಿಯರು ಬೋರಿಬಂದರವೆಂದು ಕರೆಯುತ್ತಿದ್ದ ರೈಲುನಿಲ್ದಾಣದ ಸಮೀಪದಲ್ಲಿಯೇ ಕಾಮಾ ಆಸ್ಪತ್ರೆಯಿದೆ. ನಿಮ್ಮಲ್ಲಿ ಕೆಲವರು ಅಲ್ಲಿಯೇ ಹುಟ್ಟಿರಲೂ ಬಹುದು. ಸ್ತ್ರೀಯರಿಗೆ ಸ್ತ್ರೀವೈದ್ಯರಿಂದಲೇ ಚಿಕಿತ್ಸೆ ದೊರೆಯಬೇಕೆಂಬ ಉದ್ದೇಶದಿಂದ, ಪೆಸ್ತನಜಿ ಹೊರ್ಮಸಜಿ ಕಾಮಾ ಅವರ ದಾನದ ಬಲದಿಂದ, 1886ರಲ್ಲಿ ಅದು ಆರಂಭವಾಯಿತು. ಇಂಗ್ಲೆಂಡಿನಿಂದ ಬಂದ ಎಡಿತ್ ಪೀಚಿ ಎಂಬ ವೈದ್ಯೆ ಅದರ ಹೊಣೆ ಹೊತ್ತರು.

ಅದೇ ವರ್ಷ ಆನಂದೀಬಾಯಿ ಜೋಶಿಯವರು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದರು. ತಾಯ್ನಾಡಿಗೆ ಮರಳಿದವರು 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡರು. ರೋಗಿಗಳನ್ನು ನೋಡುವ ಭಾಗ್ಯ ಅವರಿಗೆ ಒದಗಲಿಲ್ಲ. ಆದರೂ ಮಹಾರಾಷ್ಟ್ರದ ಮನೆಮನೆಯಲ್ಲಿ ಅವರ ಹೆಸರು ಉಳಿದಿದೆ. 1968ರಲ್ಲಿ ಶ್ರೀ. ಜ. ಜೋಶಿಯವರು ಬರೆದ ‘ಆನಂದೀ ಗೋಪಾಳ’ ಎಂಬ ಮರಾಠಿ ಕಾದಂಬರಿ ಅದಕ್ಕೆ ಬಹುಮಟ್ಟಿಗೆ ಕಾರಣ. ಕಾದಂಬರಿಗೆ ಇರುವ ಶಕ್ತಿಯನ್ನು ಇದರಿಂದ ಊಹಿಸಿಕೊಳ್ಳಿರಿ.

ಆನಂದೀಬಾಯಿ ತೀರಿಕೊಂಡ ಮರುತಿಂಗಳೇ ಮುಂಬಯಿಯ ಹೈಕೋರ್ಟು ರಖಮಾಬಾಯಿ ಎಂಬ ತರುಣಿಗೆ, ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆವಾಸ ಅನುಭವಿಸು ಎಂದು ವಿಧಿಸಿತು. ಹನ್ನೊಂದರ ವಯಸ್ಸಿನಲ್ಲಿ ಆದ ಮದುವೆಯನ್ನು ಆಕೆ ಒಪ್ಪಿರಲಿಲ್ಲ, ಸೆರೆಮನೆಯೇ ಲೇಸೆಂದರು. 1888ರಲ್ಲಿ ಎರಡು ಸಾವಿರ ರೂಪಾಯಿಗಳಿಗೆ ವ್ಯಾಜ್ಯವು ರಾಜಿಯಾಯಿತು. ಮುಂದೆ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರವನ್ನು ಕಲಿತು, 1894ರಲ್ಲಿ ಪದವೀಧರೆಯಾಗಿ, ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಮೂರು ದಶಕಗಳಿಗೆ ಮಿಕ್ಕು ದುಡಿದರು.

ವಿಚಿತ್ರವೆಂದರೆ, ನಾಲ್ಕು ವರ್ಷದ ವ್ಯಾಜ್ಯವನ್ನು ಬಲ್ಲವರು ಈ ಮೂರು ದಶಕಗಳನ್ನು ಅರಿಯರು. ನ್ಯಾಯಾಲಯದಲ್ಲಿ ಗದ್ದಲವಿತ್ತು, ಪತ್ರಿಕೆಗಳಿದ್ದವು. ಹೆರಿಗೆಯ ಕೋಣೆಯಲ್ಲಿ ವರದಿಗಾರನಿಗೇನು ಕೆಲಸ? ಬರೆಯುವವರೂ ಹಡಗು ದಂಡೆ ಬಿಟ್ಟೊಡನೆ ಲೇಖನಿಯನ್ನು ಕೆಳಗಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಥೆಗಾರನ ಕೆಲಸ ತೊಡಗಬೇಕಾದದ್ದೇ ಅಲ್ಲಿಂದ.

ಆದರೆ ಕಲ್ಪನೆಗೂ ಒಂದು ಮೇರೆಯುಂಟು. ದಾಖಲೆಯು ಮಾತನಾಡುವಲ್ಲಿ ಕಥೆಗಾರನು ಅದಕ್ಕೆ ಎದುರಾಡಬಾರದು. ಅದು ಮೌನವಾಗಿರುವಲ್ಲಿ ಮಾತ್ರ ಅವನಿಗೆ ಸ್ವಾತಂತ್ರ್ಯ. ಯಾರೊಡನೆ ಬಾಳಲಾರೆನೆಂದು ಸೆರೆಮನೆಗೂ ಸಿದ್ಧರಾಗಿದ್ದರೋ ಆ ದಾದಾಜಿ 1904ರಲ್ಲಿ ತೀರಿಕೊಂಡಾಗ ರಖಮಾಬಾಯಿಯವರು ವಿಧವೆಯ ಬಿಳಿಯ ಸೀರೆಯನ್ನುಟ್ಟರು. ಇತಿಹಾಸಕಾರನು ಇಷ್ಟನ್ನು ಬರೆದು ಸುಮ್ಮನಾಗುತ್ತಾನೆ. ಅದು ಸಂಪ್ರದಾಯಕ್ಕೆ ಶರಣೋ, ಸತ್ತವನ ಮೇಲಣ ಕನಿಕರವೋ, ಹತ್ತಿರ ಬರಲಂಜುವ ರೋಗಿಗಳ ವಿಶ್ವಾಸವನ್ನು ಗಳಿಸುವ ಉಪಾಯವೋ? ಕಾದಂಬರಿಕಾರನು ಒಂದು ಉತ್ತರವನ್ನು ಆರಿಸಿಕೊಳ್ಳಲೇಬೇಕು. ಸೀರೆಯ ಬಣ್ಣವನ್ನು ಮಾತ್ರ ಬದಲಿಸುವಂತಿಲ್ಲ.

ಚಿಕ್ಕ ಸಂಗತಿಗಳಲ್ಲಿಯೂ ಇದೇ ಎಚ್ಚರ ಬೇಕು. 1887ರಲ್ಲಿ ನಿಮ್ಮ ನಾಯಿಕೆಯನ್ನು ವಿದ್ಯುತ್ ಟ್ರಾಮಿನಲ್ಲಿ ಕೂರಿಸಿದರೆ ತಿಳಿದ ಓದುಗನು ನಗುವನು. ಮುಂಬಯಿಯಲ್ಲಿ 1874ರಿಂದ ಓಡುತ್ತಿದ್ದುದು ಕುದುರೆ ಎಳೆಯುವ ಟ್ರಾಮು. ವಿದ್ಯುತ್ತಿನದು ಬಂದುದು 1907ರಲ್ಲಿ. 1896ರ ಮುಂಬಯಿಯನ್ನು ಬರೆದು ಪ್ಲೇಗನ್ನು ಬಿಟ್ಟರೆ ಅದಂತೂ ಅಕ್ಷಮ್ಯ.

ಇನ್ನು ನಮಗೆ ತೀರ ಹತ್ತಿರದವರಾದ ಒಬ್ಬರಿದ್ದಾರೆ. ಬೆನೆ ಇಸ್ರೇಲ್ ಎಂಬ ಯೆಹೂದಿ ಸಮಾಜಕ್ಕೆ ಸೇರಿದ ಜೆರೂಶಾ ಝಿರಾಡ್ ಹುಟ್ಟಿದ್ದು ನಮ್ಮ ಶಿವಮೊಗ್ಗೆಯಲ್ಲಿ. ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, 1919ರಲ್ಲಿ ಲಂಡನ್ನಿನ ಎಂ.ಡಿ. ಪದವಿ ಪಡೆದು, 1928ರಿಂದ 1947ರವರೆಗೆ ಅದೇ ಕಾಮಾ ಆಸ್ಪತ್ರೆಯ ಮೇಲ್ವಿಚಾರಕಿಯಾಗಿದ್ದರು. ಹೆರಿಗೆಯಲ್ಲಿ ಸಾಯುವ ತಾಯಂದಿರ ಕುರಿತು ಈ ನಗರದಲ್ಲಿ ಶೋಧ ನಡೆಸಿದರು. 1966ರಲ್ಲಿ ಪದ್ಮಶ್ರೀ ಬಂದಿತು. ಇಷ್ಟಾದರೂ ಮುಂಬಯಿ ಕನ್ನಡಿಗರಲ್ಲಿ ಅವರ ಹೆಸರನ್ನು ಕೇಳಿದವರೇ ವಿರಳ.

ಕಾಯಿಲೆ ಬಿದ್ದ ಅಕ್ಕನು ಕಾಮಾ ಆಸ್ಪತ್ರೆಯಲ್ಲಿ ಗುಣಹೊಂದಿದ್ದನ್ನು ಕಂಡು, ತಾನೂ ವೈದ್ಯೆಯಾಗಬೇಕೆಂದು ಜೆರೂಶಾ ಬಾಲ್ಯದಲ್ಲಿಯೇ ನಿಶ್ಚಯಿಸಿದರಂತೆ. ಆ ಬಾಲೆಯು ಆಸ್ಪತ್ರೆಯ ಹಾಸಿಗೆಯ ಬಳಿ ನಿಂತು ಏನನ್ನು ನೋಡಿದಳು? ಸೆರಗಿಲ್ಲದ ಉಡುಪಿನ ಪರದೇಶದ ವೈದ್ಯೆಯನ್ನೋ, ಔಷಧದ ಶೀಶೆಗಳನ್ನೋ, ಅಕ್ಕನ ಮುಖವನ್ನೋ? ಒಂಬತ್ತು, ಹತ್ತನೆಯ ತರಗತಿಯವರು ಆ ಹಾಸಿಗೆಯ ಬಳಿಯಿಂದಲೇ ಮೊದಲ ಅಧ್ಯಾಯವನ್ನು ತೊಡಗಿ, ಎರಡು ಪುಟ ಬರೆದು ತಂದು ತೋರಿಸಿರಿ.